ಅದನ್ನು ಔಷಧಿ ಎಂದು ಕರೆಯಬೇಡಿ: ಮನೆಬಳಕೆಯ ಕೀಟನಾಶಕಗಳಿಗೆ ಅನುಮತಿ ನೀಡುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಇಲಿ ಕೊಲ್ಲುವುದನ್ನು ನಾವು ಪಾಷಾಣ ಎನ್ನುತ್ತೇವೆ. ಜಿರಳೆ, ಸೊಳ್ಳೆ, ತಿಗಣೆ ಕೊಲ್ಲುವುದನ್ನು ಮಾತ್ರ ಅದೇಕೋ ಔಷಧಿ ಎನ್ನುತ್ತೇವೆ. ‘ಜಿರಳೆ ಔಷಧಿ ಎಲ್ಲಿಟ್ಟಿದ್ದೀಯ?’ ‘ಔಷಧಿ ಹೊಡೆಯುವವರು ಬಂದಿದ್ದಾರೆ, ಬಾಗಿಲು ತೆಗೆ.’ ಹತ್ತೊಂಬತ್ತು ವರ್ಷ ಆ ಔಷಧಿ ಹೊಡೆಯುವವನು ನಾನೇ ಆಗಿದ್ದೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಸಾವಿರಾರು ಸಿಂಕುಗಳ ಕೆಳಗೆ ತಲೆ ತೂರಿಸಿದ್ದೇನೆ. ಜನ ನನ್ನನ್ನು ಅರ್ಧ ವೈದ್ಯನಂತೆ ಬರಮಾಡಿಕೊಳ್ಳುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ನಡೆದುಕೊಳ್ಳುತ್ತಿದ್ದೆ.

ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ. ಒಂದು ಮನೆಯಲ್ಲಿ ತಿಗಣೆಗೆಂದು ಹೊಡೆದು ಮುಗಿಸಿದಾಗ ಪಂಪಿನ ತಳದಲ್ಲಿ ಒಂದಿಷ್ಟು ದ್ರಾವಣ ಉಳಿದಿತ್ತು. ‘ಚೆಲ್ಲುವುದೇಕೆ, ಇಲ್ಲೇ ಕೊಟ್ಟು ಹೋಗಪ್ಪ’ ಎಂದರು ಆ ಮನೆಯ ಅಜ್ಜಿ. ತಂಪು ಪಾನೀಯದ ಖಾಲಿ ಬಾಟಲಿಯೊಂದನ್ನು ತಂದುಕೊಟ್ಟರು. ತುಂಬಿಸಿದೆ, ಮುಚ್ಚಳ ಬಿಗಿ ಮಾಡಿದೆ, ಹೊರಟೆ. ಒಂಬತ್ತು ದಿನಗಳ ನಂತರ ಮೂರು ವರ್ಷದ ಮೊಮ್ಮಗ ಆ ಬಾಟಲಿಯಿಂದ ಒಂದು ಗುಟುಕು ಕುಡಿದ. ಗಾಬರಿಬಿದ್ದವರು ಉಪ್ಪುನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಿದರು. ಸೀಮೆಎಣ್ಣೆಯ ಜಾತಿಯ ತೈಲದಲ್ಲಿ ಕರಗಿಸಿದ ವಿಷ ಅದು. ಹೊಟ್ಟೆಗೆ ಇಳಿಯುವಾಗ ಮಾಡದ ಹಾನಿಯನ್ನು ಅದು ಮೇಲೆ ಬರುವಾಗ ಶ್ವಾಸಕೋಶಕ್ಕೆ ಜಾರಿ ಮಾಡಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಹುಡುಗ ಉಳಿದುಕೊಂಡ. ಮೊದಲ ದಿನ ವೈದ್ಯರು, ಮಗು ಏನು ಕುಡಿಯಿತು ಎಂದು ಕೇಳಿದರಂತೆ. ಅಜ್ಜಿ ‘ಔಷಧಿ’ ಎಂದರಂತೆ. ಯಾವ ಔಷಧಿ? ಬಾಟಲಿಯ ಮೇಲೆ ಕಿತ್ತಳೆ ಹಣ್ಣಿನ ಚಿತ್ರವಿತ್ತು.

ತಪ್ಪು ನನ್ನದು. ಅದನ್ನು ನಿಮ್ಮ ತಲೆಗೆ ಕಟ್ಟಲು ಈ ಪತ್ರ ಬರೆಯುತ್ತಿಲ್ಲ. ಆದರೆ ನಾನು ಸುರಿದುಕೊಟ್ಟ ದ್ರಾವಣ ಹಣ್ಣಿನ ರಸದಂತೆ ಕಾಣುತ್ತಿತ್ತು, ಅದರ ಮೂಲ ಡಬ್ಬಿ ಸುಗಂಧದ್ರವ್ಯದ ಡಬ್ಬಿಯಂತೆ ಕಾಣುತ್ತಿತ್ತು, ಅದರ ಮೇಲಿನ ಚೀಟಿಯನ್ನು ನಾಲ್ಕು ವರ್ಷ ಕೆಲಸ ಮಾಡಿದ ನಾನೇ ಒಮ್ಮೆಯೂ ಪೂರ್ತಿ ಓದಿರಲಿಲ್ಲ. ಈ ಮೂರೂ ನಿಮ್ಮ ಸಹಿ ಪಡೆದು ಅಂಗಡಿಗೆ ಬಂದ ಸಂಗತಿಗಳು. ಮನೆಯ ವಿಷ ವಿಷದಂತೆ ಕಾಣಬೇಕು, ವಿಷದ ರುಚಿಯಿರಬೇಕು, ವಿಷ ಎಂಬ ಹೆಸರಿನಿಂದಲೇ ಮಾರಾಟವಾಗಬೇಕು. ನನ್ನ ಬೇಡಿಕೆ ಇಷ್ಟೇ.

ಹಾಗೆಂದು ಹುಳುಹುಪ್ಪಟೆಗಳು ನಿರಪರಾಧಿಗಳು ಎಂದು ವಾದಿಸಲು ನಾನು ಬಂದಿಲ್ಲ. ಅವುಗಳ ಜೊತೆ ನನ್ನಷ್ಟು ಹೊತ್ತು ಕಳೆದವರು ಹಾಗೆ ಹೇಳುವುದೂ ಇಲ್ಲ. ನೂರಾರು ಜಿರಳೆಗಳಿರುವ ಕೋಣೆಗೆ ಒಂದು ವಾಸನೆ ಇರುತ್ತದೆ. ಜಿಡ್ಡು ಹಿಡಿದ, ಮುಗ್ಗಲು ಬೆರೆತ, ಗಂಟಲಿಗೆ ಅಂಟುವ ವಾಸನೆ. ಬಾಗಿಲಲ್ಲಿ ನಿಂತೇ ಸಂಖ್ಯೆ ಅಂದಾಜು ಮಾಡುತ್ತಿದ್ದೆ. ಅಂಥ ಮನೆಗಳಲ್ಲಿ ಉಸಿರಾಟಕ್ಕೆ ಇನ್‌ಹೇಲರ್ ಬಳಸುವ ಮಗು ಒಂದಾದರೂ ಸಿಗುತ್ತಿದ್ದುದು ನನಗೆ ಕಾಕತಾಳೀಯವಾಗಿ ಕಾಣುತ್ತಿತ್ತು. ಕಾಕತಾಳೀಯವಾಗಿರಲಿಲ್ಲ. 1997ರಲ್ಲಿ ಅಮೆರಿಕದ ನಗರಗಳ ಬಡ ಬಡಾವಣೆಗಳಲ್ಲಿ ಆಸ್ತಮಾ ಇದ್ದ 476 ಮಕ್ಕಳ ಅಧ್ಯಯನವೊಂದು ಪ್ರಕಟವಾಯಿತು. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಮಕ್ಕಳಿಗೆ ಜಿರಳೆಯ ಅಲರ್ಜಿ ಇತ್ತು. ಅಲರ್ಜಿಯೂ ಇದ್ದು, ಮಲಗುವ ಕೋಣೆಯಲ್ಲಿ ಜಿರಳೆಯ ಅಂಶವೂ ಹೆಚ್ಚಿದ್ದ ಮಕ್ಕಳು ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಲ ಆಸ್ಪತ್ರೆ ಸೇರಿದ್ದರು. ಅಲರ್ಜಿ ತರುವುದು ಜಿರಳೆಯ ಹಿಕ್ಕೆ, ಜೊಲ್ಲು, ಕಳಚಿದ ಪೊರೆ. ಜಿರಳೆ ಸತ್ತ ಮೇಲೂ ಇವು ತಿಂಗಳುಗಟ್ಟಲೆ ದೂಳಿನಲ್ಲಿ ಉಳಿಯುತ್ತವೆ. ವಿಷ ಹೊಡೆದು ಗುಡಿಸದೆ ಬಿಟ್ಟ ಮನೆಯಲ್ಲಿ ಮಗುವಿನ ಉಬ್ಬಸ ನಿಲ್ಲದಿರಲು ಕಾರಣ ಇದು.

ನೊಣದ ವಿಷಯ ಗೊತ್ತೇ ಇದೆ: ಘನ ಆಹಾರವನ್ನು ಅದು ಜಗಿಯಲಾರದು, ಹೊಟ್ಟೆಯ ರಸವನ್ನು ಅದರ ಮೇಲೆ ಕಕ್ಕಿ, ಕರಗಿಸಿ ಹೀರುತ್ತದೆ. ಅದಕ್ಕೆ ಮೊದಲು ಕೂತಿದ್ದ ಜಾಗ ಯಾವುದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ ಬರಬಹುದು. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಕಂಡದ್ದು 1897ರ ಆಗಸ್ಟ್ 20ರಂದು. ಅಂದಿನಿಂದ ಇಂದಿನವರೆಗೂ ಸೊಳ್ಳೆಯಷ್ಟು ಜನರನ್ನು ಕೊಲ್ಲುವ ಪ್ರಾಣಿ ಇನ್ನೊಂದಿಲ್ಲ. ಇವೆಲ್ಲದರ ನಡುವೆ ತಿಗಣೆಯೊಂದೇ ರೋಗ ಹರಡುವ ಆರೋಪದಿಂದ ಪಾರಾದದ್ದು. ಅದು ಕಚ್ಚಿ ಮನುಷ್ಯರಿಗೆ ರೋಗ ದಾಟಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ವಿಚಿತ್ರವೆಂದರೆ, ಜನ ಅತ್ಯಂತ ಘೋರ ವಿಷಗಳನ್ನು ಪ್ರಯೋಗಿಸುವುದು ಇದೇ ತಿಗಣೆಯ ಮೇಲೆ. ಮೂರು ವಾರ ನಿದ್ದೆಗೆಟ್ಟ ಮನುಷ್ಯ ಏನನ್ನು ಬೇಕಾದರೂ ಹಾಸಿಗೆಗೆ ಸುರಿಯುತ್ತಾನೆ. ಇಲಿಯ ಕಾಟಕ್ಕೆ ಮನೆಗೆ ಬೆಂಕಿ ಇಟ್ಟವನ ಗಾದೆ ಕೇಳಿದ್ದೇವೆ. ತಿಗಣೆಯ ಕಾಟಕ್ಕೆ ಹಾಸಿಗೆಯ ಮೇಲೆ ಸೀಮೆಎಣ್ಣೆ ಎರಚಿ, ಅದೇ ಕೋಣೆಯಲ್ಲಿ ಬೆಂಕಿಕಡ್ಡಿ ಗೀರಿದವನನ್ನು ನಾನು ಕಂಡಿದ್ದೇನೆ.

ಇಂಥ ಶತ್ರುಗಳ ವಿರುದ್ಧ ನಿಮ್ಮ ಅನುಮತಿಯಿಂದ ಮಾರಾಟವಾಗುವ ಅಸ್ತ್ರಗಳು ಎಷ್ಟು ಕೆಲಸ ಮಾಡುತ್ತವೆ? ಗುಂಡಿ ಒತ್ತಿ ಕೋಣೆಯ ನಡುವೆ ಇಟ್ಟು ಹೊರಬಂದರೆ ತಾನಾಗಿ ಮಂಜು ಉಗುಳುವ ಡಬ್ಬಿ ಇದೆಯಲ್ಲ, ಅದನ್ನೇ ನೋಡಿ. 2019ರಲ್ಲಿ ಅಮೆರಿಕದ ಸಂಶೋಧಕರು ಜಿರಳೆ ತುಂಬಿದ ಮನೆಗಳಲ್ಲಿ ಅಂಥ ನಾಲ್ಕು ಬಗೆಯ ಡಬ್ಬಿಗಳನ್ನು ಪರೀಕ್ಷಿಸಿದರು. ಒಂದು ತಿಂಗಳ ನಂತರವೂ ಜಿರಳೆಗಳ ಸಂಖ್ಯೆ ಕಡಿಮೆಯಾಗಿರಲಿಲ್ಲ. ವಿಷ ಮಾತ್ರ ಎಲ್ಲಿ ಬೀಳಬಾರದೋ ಅಲ್ಲಿ, ನೆಲದ ನಟ್ಟನಡುವೆ, ಅಡುಗೆಕಟ್ಟೆಯ ಮೇಲೆ, ಮೊದಲಿಗಿಂತ ನೂರಾರು ಪಟ್ಟು ಹೆಚ್ಚಾಗಿ ಕೂತಿತ್ತು. ಜಿರಳೆ ಇರುವುದು ಸಂದಿನಲ್ಲಿ, ಮಂಜು ಇಳಿಯುವುದು ಬಯಲಿನಲ್ಲಿ. ಅಂಬೆಗಾಲಿಡುವ ಮಗು ಇರುವುದೂ ಬಯಲಿನಲ್ಲೇ. ಅದೇ ಅಧ್ಯಯನದಲ್ಲಿ ಜೆಲ್ ಬಳಸಿದ ಮನೆಗಳಲ್ಲಿ ಜಿರಳೆಗಳು ಗಣನೀಯವಾಗಿ ಕಡಿಮೆಯಾದವು.

ಜೆಲ್ ಎಂದರೆ ವಿಷ ಬೆರೆಸಿದ ಸಿಹಿ ಅಂಟು. ಬೆಂಕಿಕಡ್ಡಿಯ ತಲೆಯಷ್ಟು ಒಂದೊಂದು ಚುಕ್ಕೆಯನ್ನು ಕಪಾಟಿನ ತಿರುಗಣಿಯ ಒಳಗೆ, ಸಿಂಕಿನ ಕೊಳವೆ ಗೋಡೆಗೆ ಸೇರುವಲ್ಲಿ, ಫ್ರಿಜ್ಜಿನ ಮೋಟರಿನ ಬೆಚ್ಚನೆಯ ಮೂಲೆಯಲ್ಲಿ ಇಡಬೇಕು. ತಿಂದ ಜಿರಳೆ ಗೂಡಿಗೆ ಮರಳಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಮರಿಗಳು ಸಾಯುತ್ತವೆ. ಕೈಚಳಕದ ಕೆಲಸ, ಗಾಳಿಗೆ ಏನೂ ಸೇರುವುದಿಲ್ಲ. ಆದರೆ ಗಿರಾಕಿಗೆ ತೃಪ್ತಿಯಿಲ್ಲ! ವಾಸನೆ ಬರಲಿಲ್ಲ, ಕಣ್ಣು ಉರಿಯಲಿಲ್ಲ, ಕಾಲು ಮೇಲೆ ಮಾಡಿ ಬಿದ್ದ ಜಿರಳೆಗಳ ರಾಶಿ ಕಾಣಲಿಲ್ಲ, ‘ಏನು ಕೆಲಸ ಮಾಡಿದೆ ನೀನು?’ ಎನ್ನುತ್ತಿದ್ದರು. ನಾನು ದುಡಿಯುತ್ತಿದ್ದ ಸಂಸ್ಥೆಯ ಮೇಲ್ವಿಚಾರಕ ಅದಕ್ಕೊಂದು ಉಪಾಯ ಹೇಳಿಕೊಟ್ಟಿದ್ದ: ಜೆಲ್ ಇಟ್ಟ ಮೇಲೆ ವಾಸನೆಗೆಂದು ಒಂದು ಸುತ್ತು ಸ್ಪ್ರೇ ಹೊಡೆದುಬಿಡು. ಆ ಸ್ಪ್ರೇಗೆ ಹೆದರಿ ಜಿರಳೆ ಜೆಲ್ಲಿನ ಹತ್ತಿರ ಸುಳಿಯುವುದೇ ಇಲ್ಲ ಎಂಬುದು ನನಗೂ ಅವನಿಗೂ ತಿಳಿದಿತ್ತು. ಆದರೂ ಹೊಡೆಯುತ್ತಿದ್ದೆ.

ಜಿರಳೆಯ ಜಾಣತನದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಚಿಕ್ಕ ಕಂದು ಜಿರಳೆಗೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1767ರಲ್ಲಿ ಜರ್ಮನಿಯ ಹೆಸರು ಕೊಟ್ಟ. ಅದರ ವಂಶವಾಹಿಗಳನ್ನು ಓದಿದ ಸಂಶೋಧಕರು 2024ರಲ್ಲಿ ಹೇಳಿದ ಪ್ರಕಾರ ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ ಏಷ್ಯಾದ ಕಾಡುಜಿರಳೆಯೊಂದರಿಂದ ಕವಲೊಡೆದದ್ದು. ಮನುಷ್ಯನ ಮನೆಯ ಹೊರಗೆ ಅದಕ್ಕೆ ಈಗ ನೆಲೆಯೇ ಇಲ್ಲ. ಇಂಥ ಜೀವಿಗೆ ಗ್ಲೂಕೋಸ್ ಬೆರೆಸಿದ ವಿಷವನ್ನು ವರ್ಷಗಟ್ಟಲೆ ಇಟ್ಟಾಗ ಏನಾಯಿತು? ಗ್ಲೂಕೋಸನ್ನೇ ಮುಟ್ಟದ ತಳಿ ಹುಟ್ಟಿಕೊಂಡಿತು. 1993ರಲ್ಲಿ ವರದಿಯಾದ ಈ ವಿಚಿತ್ರದ ಒಳಗುಟ್ಟು 2013ರಲ್ಲಿ ಬಯಲಾಯಿತು: ಆ ತಳಿಯ ಜಿರಳೆಯ ಬಾಯಲ್ಲಿ ಗ್ಲೂಕೋಸ್ ಕಹಿಯನ್ನು ಗುರುತಿಸುವ ನರಗಳನ್ನೇ ಕೆರಳಿಸುತ್ತದೆ. ಕೆಲವೇ ವರ್ಷಗಳಲ್ಲಿ ಜಿರಳೆಗಳು ತಮ್ಮ ಮರಿಗಳಿಗೆ ವಿಷವನ್ನು ಕಹಿ ಮಾಡಿಕೊಟ್ಟವು.

ನಾವು ನಮ್ಮ ಮರಿಗಳಿಗೆ ಅಷ್ಟನ್ನೂ ಮಾಡಿಲ್ಲ. ಡೆನಟೋನಿಯಂ ಎಂಬ ವಸ್ತು 1958ರಲ್ಲೇ ಸ್ಕಾಟ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ಸಿಕ್ಕಿತು. ಮನುಷ್ಯನಿಗೆ ಗೊತ್ತಿರುವ ವಸ್ತುಗಳಲ್ಲಿ ಅದಕ್ಕಿಂತ ಕಹಿಯಾದದ್ದು ಸಿಗುವುದು ಕಷ್ಟ. ಹತ್ತು ಲಕ್ಷ ಭಾಗಕ್ಕೆ ಹತ್ತು ಭಾಗ ಬೆರೆಸಿದರೂ ಮಗು ಉಗುಳಿಬಿಡುತ್ತದೆ, ಇಲಿ ಮಾತ್ರ ಆ ಪ್ರಮಾಣದಲ್ಲಿ ತಿನ್ನುತ್ತದೆ. ಕೆಲವು ದೇಶಗಳ ಇಲಿಪಾಷಾಣದಲ್ಲಿ ಇದು ಈಗಾಗಲೇ ಇದೆ. ಮೊದಲ ಗುಟುಕನ್ನು ಅದು ತಡೆಯದೇ ಇರಬಹುದು, ಎರಡನೆಯದನ್ನು ತಡೆಯುತ್ತದೆ. ನನ್ನ ಬಾಟಲಿಯ ಹುಡುಗ ಒಂದೇ ಗುಟುಕಿಗೆ ನಿಲ್ಲಿಸಿದ್ದು ಅವನ ಅದೃಷ್ಟದಿಂದ. ಮನೆಯೊಳಗೆ ಬಳಸುವ ಪ್ರತಿಯೊಂದು ದ್ರವ ವಿಷಕ್ಕೂ ಇಲಿಯ ತಿನಿಸಿಗೂ ಕಹಿ ಬೆರೆಸುವುದನ್ನು ಅನುಮತಿಯ ಷರತ್ತನ್ನಾಗಿ ಮಾಡಲು ನಿಮಗೆ ಇರುವ ಅಡ್ಡಿ ಯಾವುದು, ದಯವಿಟ್ಟು ತಿಳಿಸಿ.

ರುಚಿಯ ಜೊತೆಗೇ ರೂಪದ ಪ್ರಶ್ನೆಯೂ ಇದೆ. ಗೆರೆ ಎಳೆದರೆ ಇರುವೆ ಸಾಯುತ್ತದೆ ಎಂದು ಮಾರುವ ಸೀಮೆಸುಣ್ಣವನ್ನು ನೋಡಿ. ಶಾಲೆಯ ಕಪ್ಪುಹಲಗೆಯ ಬಳಪಕ್ಕೂ ಅದಕ್ಕೂ ಏನು ವ್ಯತ್ಯಾಸ? ಬಣ್ಣ ಅದೇ, ಉದ್ದ ಅದೇ. ಒಳಗಿರುವುದು ಮಾತ್ರ ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್ ಎಂಬ ಕೀಟನಾಶಕ. ಗೋಡೆಯ ಬುಡದಲ್ಲಿ ಅದರಿಂದ ಚಿತ್ರ ಬರೆಯುತ್ತ ಕೂತಿದ್ದ ಹುಡುಗಿಯ ಕೈಯಿಂದ ನಾನೇ ಅದನ್ನು ಕಿತ್ತುಕೊಂಡದ್ದಿದೆ. ಮಗುವಿನ ಆಟದ ಸಾಮಾನಿನ ಆಕಾರದಲ್ಲಿ ವಿಷವನ್ನು ಎರಕ ಹೊಯ್ಯಲು ಯಾರಿಗೂ ಅನುಮತಿ ಸಿಗಬಾರದು. ಮಿಠಾಯಿಯ ಬಣ್ಣದ ನ್ಯಾಫ್ತಲೀನ್ ಗುಂಡುಗಳಿಗೂ ಇದೇ ಮಾತು.

ನ್ಯಾಫ್ತಲೀನ್ ಗುಂಡಿನ ಬಗ್ಗೆ ಮಾತ್ರ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಅದನ್ನು ಕೀಟನಾಶಕ ಎಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹುಟ್ಟಲಿರುವ ಮಗುವಿಗೆಂದು ಬಟ್ಟೆ, ಕುಲಾವಿ, ಹೊದಿಕೆಗಳನ್ನು ಪೆಟ್ಟಿಗೆಯಲ್ಲಿಟ್ಟು ನಾಲ್ಕು ಗುಂಡು ಹಾಕಿಡುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಗುವಿಗೆ ಆ ಬಟ್ಟೆ ತೊಡಿಸಿದರೆ ನ್ಯಾಫ್ತಲೀನ್ ಉಸಿರಿನಿಂದಲೂ ಚರ್ಮದಿಂದಲೂ ಒಳಸೇರಿ ರಕ್ತದ ಕೆಂಪುಕಣಗಳನ್ನು ಒಡೆಯಬಹುದು. ಮಗು ಹಳದಿಯಾಗುತ್ತದೆ, ಕಾಮಾಲೆ ಮಿತಿಮೀರಿದರೆ ಮಿದುಳಿಗೂ ಅಪಾಯ. ಈ ಕೊರತೆ ಇರುವವರು ಜಗತ್ತಿನಲ್ಲಿ ಸುಮಾರು 40 ಕೋಟಿ ಜನ. ಬಹುಪಾಲು ಮಂದಿಗೆ ತಮಗೆ ಅದು ಇರುವುದೇ ತಿಳಿದಿರುವುದಿಲ್ಲ. ಗುಂಡಿನ ಪೊಟ್ಟಣದ ಮೇಲೆ ‘ಶಿಶುಗಳ ಬಟ್ಟೆಯೊಂದಿಗೆ ಇಡಬೇಡಿ’ ಎಂಬ ಮೂರು ಪದಗಳನ್ನು ಹೆಬ್ಬೆರಳಿನಷ್ಟು ದೊಡ್ಡ ಅಕ್ಷರಗಳಲ್ಲಿ ಹಾಕಿಸಲು ಎಷ್ಟು ಶಾಯಿ ಬೇಕು?

ಸೊಳ್ಳೆಬತ್ತಿಯದು ಇನ್ನೊಂದು ಕಥೆ. ಕಿಟಕಿ ಮುಚ್ಚಿ, ಬತ್ತಿ ಹಚ್ಚಿ, ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಎಷ್ಟೋ ಮನೆಗಳ ರೂಢಿ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಕಣಗಳನ್ನು ಅಳೆಯಿತು: 75ರಿಂದ 137 ಸಿಗರೇಟು ಸುಟ್ಟಷ್ಟು. ಇಲ್ಲಿ ಅಪರಾಧಿ ಬತ್ತಿಯೊಳಗಿನ ಕೀಟನಾಶಕಕ್ಕಿಂತ ಹೆಚ್ಚಾಗಿ ಉರಿಯುವ ಹೊಟ್ಟಿನ ಹೊಗೆ. ಸೊಳ್ಳೆಪರದೆಗೆ ಹೊಗೆಯಿಲ್ಲ, ಅದು ರಾತ್ರಿಯಿಡೀ ಕೆಲಸ ಮಾಡುತ್ತದೆ. ಆದರೆ ಪರದೆಯ ಜಾಹೀರಾತು ಎಲ್ಲಿಯೂ ಕಾಣುವುದಿಲ್ಲ. ಕಾಣುವುದು ಗೋಡೆಗೆ ಚುಚ್ಚಿದ ಯಂತ್ರದ ಕೆಳಗೆ ನಗುತ್ತ ನಿದ್ರಿಸುವ ಕಂದಮ್ಮ. ಆ ಜಾಹೀರಾತುಗಳಿಂದ ಮಕ್ಕಳನ್ನು ಹೊರಗೆ ಕಳಿಸಿ, ಮಾನ್ಯರೇ. ಡಬ್ಬಿಗೆ ಮಲ್ಲಿಗೆಯ ಪರಿಮಳ ಸೇರಿಸುವುದನ್ನೂ ನಿಲ್ಲಿಸಿ. ವಾಸನೆ ಕೆಟ್ಟದಾಗಿದ್ದರೆ ಮನುಷ್ಯ ತಾನಾಗಿ ಕಿಟಕಿ ತೆರೆಯುತ್ತಾನೆ.

ಇದುವರೆಗೆ ಹೇಳಿದವೆಲ್ಲ ಎಚ್ಚರಿಕೆಯಿಂದ ಬಳಸಬಹುದಾದ ವಸ್ತುಗಳು. ಈಗ ಹೇಳುವ ಎರಡು ಮನೆಯೊಳಗೆ ಬರಲೇಬಾರದು.

ಒಂದು, ಧಾನ್ಯದ ಗೋದಾಮಿನಲ್ಲಿ ಹುಳು ಕೊಲ್ಲಲು ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಿದು, ಗೋಡೆಯ ಬಿರುಕು, ಕೊಳವೆಯ ರಂಧ್ರಗಳ ಮೂಲಕ ಪಕ್ಕದ ಮನೆಗೂ ಮೇಲಿನ ಮಹಡಿಗೂ ನುಗ್ಗುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ತಿಗಣೆಗೆಂದು ಈ ಮಾತ್ರೆಯನ್ನು ಮಂಚದ ಕೆಳಗಿಟ್ಟು, ತಮ್ಮ ಕೋಣೆಯ ಬಾಗಿಲಿಗೆ ಬೀಗ ಹಾಕಿ ಊರಿಗೆ ಹೋದವರಿದ್ದಾರೆ. ಗೋಡೆಯಾಚೆ ಮಲಗಿದ್ದವರಿಗೆ ಯಾರೂ ಹೇಳಿರುವುದಿಲ್ಲ. 2017ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಅಮರಿಲ್ಲೋ ನಗರದಲ್ಲಿ ಮನೆಯ ಕೆಳಗೆ ಹಾಕಿದ್ದ ಇಂಥ ವಿಷದ ವಾಸನೆ ತಡೆಯಲಾರದೆ ಮನೆಯವರೇ ನೀರು ಹಾಯಿಸಿ ತೊಳೆದರು. ನೀರು ಬಿದ್ದಂತೆ ಅನಿಲ ಉಕ್ಕಿತು. ನಾಲ್ವರು ಮಕ್ಕಳು ತೀರಿಕೊಂಡರು. ಕೊಳೆ ಕಂಡರೆ ನೀರು ಹಾಕಿ ತೊಳೆಯಬೇಕೆಂಬುದು ನಮ್ಮೆಲ್ಲರ ಕೈಗೆ ಅಂಟಿದ ಅಭ್ಯಾಸ. ಆ ಅಭ್ಯಾಸವೇ ಕೊಲ್ಲುವಂಥ ವಸ್ತು ತರಬೇತಿಯಿಲ್ಲದವರ ಕೈಗೆ ಬಿಡಿಬಿಡಿಯಾಗಿ ಸಿಗಬಾರದು.

ಇನ್ನೊಂದು, ಹಳದಿ ರಂಜಕದ ಇಲಿಪೇಸ್ಟು. ಟೂತ್‌ಪೇಸ್ಟಿನಂಥ ಟ್ಯೂಬಿನಲ್ಲಿ ಬರುತ್ತದೆ. ಇದೂ ರೂಪದ ಪ್ರಶ್ನೆಯೇ. ನುಂಗಿದವರಿಗೆ ಮೊದಲ ದಿನ ವಾಂತಿ, ಹೊಟ್ಟೆನೋವು. ಆಮೇಲೆ ಒಂದೆರಡು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ, ಆಸ್ಪತ್ರೆಯಿಂದ ಕರೆದುಕೊಂಡು ಹೋಗಲು ಅವಸರಪಡುತ್ತಾರೆ. ಅಷ್ಟರಲ್ಲಿ ಯಕೃತ್ತು ಕುಸಿಯುತ್ತಿರುತ್ತದೆ. ಇದಕ್ಕೂ ನಿರ್ದಿಷ್ಟ ಪ್ರತಿವಿಷವಿಲ್ಲ. ಬ್ರೋಮಾಡಿಯೋಲೋನ್‌ನಂಥ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿಪಾಷಾಣಗಳೂ ಅಪಾಯಕಾರಿಯೇ. ಅವುಗಳಲ್ಲೂ ರಕ್ತಸ್ರಾವ ಕಾಣಿಸಿಕೊಳ್ಳಲು ಎರಡು ಮೂರು ದಿನ ಹಿಡಿಯುತ್ತದೆ. ಆದರೆ ಅವಕ್ಕೆ ವಿಟಮಿನ್ ಕೆ1 ಎಂಬ ಮದ್ದಿದೆ, ವೈದ್ಯರಿಗೆ ಸಮಯವೂ ಸಿಗುತ್ತದೆ. ಮದ್ದಿರುವ ವಿಷ, ಮದ್ದಿಲ್ಲದ ವಿಷ ಎರಡೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರುವಾಗ ಕೊಳ್ಳುವವನು ಏನನ್ನು ನೋಡಿ ಆರಿಸಬೇಕು? ಇಲಿಗಂತೂ ಪಾಷಾಣಕ್ಕಿಂತ ಬೋನು ಎಷ್ಟೋ ಮೇಲು. ಕಪಾಟಿನ ಹಿಂದೆ ಸತ್ತು ನಾರುವ ಪ್ರಮೇಯವೂ ಇಲ್ಲ.

ನನ್ನ ಮೈಗೇ ಆದದ್ದನ್ನೂ ಹೇಳಿಬಿಡುತ್ತೇನೆ. ಒಂದು ಮಧ್ಯಾಹ್ನ ಪಂಪಿನ ಸೀಲು ಸಡಿಲವಾಗಿ ಬೆನ್ನೆಲ್ಲ ಒದ್ದೆಯಾಯಿತು. ಆರ್ಗನೊಫಾಸ್ಫೇಟ್ ಗುಂಪಿನ ವಿಷ. ಇನ್ನೆರಡು ಮನೆ ಬಾಕಿ ಇವೆ ಎಂದು ಅದೇ ಅಂಗಿಯಲ್ಲಿ ಕೆಲಸ ಮುಂದುವರಿಸಿದೆ. ಸಂಜೆ ಬಾಯಲ್ಲಿ ಜೊಲ್ಲು ನಿಲ್ಲದಾಯಿತು. ಬೆವರು ಸುರಿಯತೊಡಗಿತು, ಎದುರಿಗಿದ್ದವರ ಮುಖ ಮಂಜಾಯಿತು. ವೈದ್ಯೆ ಟಾರ್ಚು ಹಿಡಿದು ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದೆ ಎಂದರು, ಅಂಗಿ ಕತ್ತರಿಸಿ ತೆಗೆಸಿದರು, ಮೈಗೆ ಸೋಪು ಹಾಕಿ ತೊಳೆಸಿ ಅಟ್ರೋಪಿನ್ ಎಂಬ ಪ್ರತಿವಿಷ ಕೊಟ್ಟರು. ಈ ಗುಂಪಿನ ವಿಷ ನರ ಮತ್ತು ಸ್ನಾಯುಗಳ ನಡುವಿನ ಸಂದೇಶವನ್ನು ಅಳಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಹಾಗಾಗಿ ಗ್ರಂಥಿಗಳು, ಸ್ನಾಯುಗಳು ನಿಲ್ಲದೆ ಕೆಲಸ ಮಾಡುತ್ತಲೇ ಇರುತ್ತವೆ. ಜಿರಳೆ ಕಾಲು ನಡುಗಿಸುತ್ತ ಸಾಯುವುದನ್ನು ನಾನು ನೋಡಿದ್ದೆ. ಅದರದೂ ನನ್ನದೂ ನರಮಂಡಲ ಇಷ್ಟು ಹತ್ತಿರದ ನೆಂಟರು ಎಂದು ಅಂದು ತಿಳಿಯಿತು. ಆಗ ನನ್ನ ಮುಖಕ್ಕಿದ್ದ ರಕ್ಷಣೆ ಒಂದು ಕರವಸ್ತ್ರ. ಕೈಗವಸು ಕೇಳಿದ್ದಕ್ಕೆ ‘ಔಷಧಿಗೆ ಯಾಕಯ್ಯಾ ಗವಸು?’ ಎಂದು ಮೇಲ್ವಿಚಾರಕ ನಕ್ಕಿದ್ದ.

ಮಾನ್ಯರೇ, ಈ ಪತ್ರ ಬಹಿರಂಗವಾದದ್ದರಿಂದ ನಿಮ್ಮ ಹೆಗಲ ಮೇಲಿಂದ ಇಣುಕಿ ಓದುತ್ತಿರುವ ಗೃಹಸ್ಥರಿಗೂ ನಾಲ್ಕು ಮಾತು ಹೇಳುತ್ತೇನೆ, ಸಹಿಸಿಕೊಳ್ಳಿ.

ಹಣ ಕೊಟ್ಟು ಕರೆಸಿದ ನಾನು ಮಾಡುತ್ತಿದ್ದುದಕ್ಕಿಂತ ಹೆಚ್ಚಿನ ಕೆಲಸವನ್ನು ನೀವು ಬಿಟ್ಟಿಯಾಗಿ ಮಾಡಬಹುದು. ರಾತ್ರಿ ಸಿಂಕನ್ನು ಒಣಗಿಸಿ ಮಲಗಿ. ಜಿರಳೆ ಅನ್ನವಿಲ್ಲದೆ ವಾರಗಟ್ಟಲೆ ಬದುಕುತ್ತದೆ, ನೀರಿಲ್ಲದೆ ಬದುಕುವುದಿಲ್ಲ. ತೊಟ್ಟಿಕ್ಕುವ ನಲ್ಲಿಯೇ ಅದರ ಜೀವನಾಡಿ. ಮರಿ ಇಲಿಗೆ ಆರು ಮಿಲಿಮೀಟರ್ ಸಂದು ಸಾಕು, ಅಂದರೆ ಪೆನ್ಸಿಲ್ ತೂರುವಷ್ಟು. ಕೊಳವೆಯ ಸುತ್ತ ಸಿಮೆಂಟು ಮೆತ್ತಿ, ಬಾಗಿಲ ಕೆಳಗೆ ಪಟ್ಟಿ ಹೊಡೆಸಿ. ಇಲಿಯ ಹಿಕ್ಕೆ ಕಂಡರೆ ಪೊರಕೆ ಹಿಡಿಯಬೇಡಿ, ಒಣ ದೂಳು ಮೂಗಿಗೇ ಬರುತ್ತದೆ. ಬ್ಲೀಚಿಂಗ್ ದ್ರಾವಣವನ್ನು ಚಿಮುಕಿಸಿ ಐದು ನಿಮಿಷ ನೆನೆಯಲು ಬಿಟ್ಟು, ಗವಸು ತೊಟ್ಟು ಒರೆಸಿ ತೆಗೆಯಿರಿ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಮನೆಯ ಶುದ್ಧ ನೀರಿನಲ್ಲೇ ಬೆಳೆಯುತ್ತದೆ. ಅದರ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಕಾಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಸಾಲದು, ತಿಕ್ಕಿ ತೊಳೆಯಬೇಕು. ತಿಗಣೆ ಹತ್ತಿದ ಬಟ್ಟೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ತೊಳೆಯಿರಿ. ಹುಳುವೂ ಮೊಟ್ಟೆಯೂ ಸಾಯುತ್ತವೆ, ಆ ಬಿಸಿಗೆ ಅವು ಎಂದೂ ಒಗ್ಗಿಕೊಳ್ಳುವುದಿಲ್ಲ.

ವಿಷ ಬಳಸಲೇಬೇಕಾಗಿ ಬಂದರೆ ಒಂದು ಸಲಕ್ಕೆ ಒಂದೇ ವಿಷ. ಎರಡು ಡಬ್ಬಿ ಬೆರೆಸಿದರೆ ಎರಡು ಪಟ್ಟು ಸಾಯುತ್ತದೆ ಎಂಬುದು ಭ್ರಮೆ. ಸ್ಪ್ರೇ ಹೊಡೆಯುವಾಗ ಒಲೆ ಆರಿರಲಿ; ಡಬ್ಬಿಯೊಳಗಿನ ಅನಿಲ ಬೆಂಕಿ ಹಿಡಿಯುವಂಥದ್ದು. ಆಹಾರ, ಪಾತ್ರೆ, ಆಟಿಕೆಗಳನ್ನು ಮೊದಲೇ ಹೊರಗಿಡಿ, ಮೀನಿನ ತೊಟ್ಟಿಯನ್ನೂ ಹೊರಗೆ ಸಾಗಿಸಿ. ಇಂಥ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಗುಂಪಿನ ವಿಷ ಮೀನಿಗೆ ಮಾರಕ. ಬೆಕ್ಕು ಸಾಕಿದವರು ಪರ್ಮೆಥ್ರಿನ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ, ನಾಯಿಯ ಮೈಗೆ ಹಚ್ಚುವ ಆ ಔಷಧಿ (ನೋಡಿ, ನನ್ನ ಬಾಯಿಗೂ ಇನ್ನೂ ಅದೇ ಪದ ಬರುತ್ತದೆ) ಬೆಕ್ಕಿನ ಜೀವ ತೆಗೆಯಬಲ್ಲದು. ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಹೊರಗಿದ್ದು, ಆಮೇಲೆ ಕಿಟಕಿ ತೆರೆದು ಒಳಗೆ ಬನ್ನಿ. ಯಾರಾದರೂ ವಿಷ ನುಂಗಿದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. ಮೈಮೇಲೆ ಬಿದ್ದಿದ್ದರೆ ಬಟ್ಟೆ ಕಳಚಿ ಸೋಪಿನಿಂದ ತೊಳೆಯಿರಿ, ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ನೀರು ಹಾಯಿಸಿ, ವಿಷದ ಡಬ್ಬಿಯನ್ನು ಕೈಯಲ್ಲೇ ಹಿಡಿದು ಆಸ್ಪತ್ರೆಗೆ ಓಡಿ. ಅದನ್ನು ಬೇರೆ ಬಾಟಲಿಗೆ ಸುರಿದುಕೊಡಲು ನನ್ನಂಥವನು ಒಪ್ಪಿದರೂ ನೀವು ಒಪ್ಪಬೇಡಿ.

ಮತ್ತೆ ನಿಮ್ಮ ಬಳಿಗೆ ಬರುತ್ತೇನೆ, ಅಧಿಕಾರಿಗಳೇ. ‘ಚೀಟಿಯಲ್ಲಿ ಎಲ್ಲವೂ ಮುದ್ರಿತವಾಗಿದೆ, ಓದದಿದ್ದರೆ ಅದು ಗ್ರಾಹಕರ ತಪ್ಪು’ ಎಂಬ ಉತ್ತರ ನಿಮ್ಮಂಥ ಕಚೇರಿಗಳಿಂದ ನನಗೆ ಹಿಂದೆಯೂ ಬಂದದ್ದಿದೆ. ಕೈತೊಳೆದುಕೊಳ್ಳಲು ಅದು ಒಳ್ಳೆಯ ಸೋಪು. ಈ ಪತ್ರದ ಜೊತೆಗೆ ನನ್ನ ಕೊನೆಯ ಕೆಲಸದ ದಿನ ಖಾಲಿಯಾದ ಡಬ್ಬಿಯ ಚೀಟಿಯೊಂದನ್ನು ಇಟ್ಟಿದ್ದೇನೆ. ಚೆನ್ನಾಗಿ ತೊಳೆದು, ಸುಲಿದು, ಒಣಗಿಸಿದ್ದೇನೆ, ಮುಟ್ಟಲು ಹೆದರಬೇಕಿಲ್ಲ. ಹೂವಿನ ಚಿತ್ರ ಅಂಗೈಯಗಲ ಇದೆ. ವಿಷ ನುಂಗಿದಾಗ ಏನು ಮಾಡಬೇಕು ಎಂಬುದು ಹಿಂಬದಿಯ ಮಡಿಕೆಯೊಳಗೆ, ಬೆಳ್ಳಿಬಣ್ಣದ ಮೇಲೆ ಬಿಳಿಯ ಅಕ್ಷರದಲ್ಲಿ, ನನ್ನ ಉಗುರಿನ ಅಗಲದ ಜಾಗದಲ್ಲಿ ಏಳು ಸಾಲುಗಳಾಗಿ ಅಚ್ಚಾಗಿದೆ.

ಮುಂದಿನ ಅನುಮತಿಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ರಾತ್ರಿ ಅದನ್ನು ಮನೆಗೆ ಒಯ್ಯಿರಿ. ಅಡುಗೆಮನೆಯ ದೀಪದ ಕೆಳಗೆ ನಿಂತು, ಒಂದು ತೋಳಿನಲ್ಲಿ ಅಳುವ ಮಗುವನ್ನು ಎತ್ತಿಕೊಂಡು, ಗಟ್ಟಿಯಾಗಿ ಓದಿ. ಎಷ್ಟನೆಯ ಸಾಲಿನವರೆಗೆ ಓದಲು ಸಾಧ್ಯವಾಯಿತು ಎಂದು ನನಗೆ ಬರೆದು ತಿಳಿಸಿ.

ಇತಿ,
ಪಂಪು ಇಳಿಸಿಟ್ಟ ಒಬ್ಬ ಕೆಲಸಗಾರ